ಹಳೆ ಶೈಲಿಯ ಕುರ್ಚಿ, ಮೇಜು: ಕೆಲಸ ಶುರುವಾಗುವುದು ಕಾಲಿನಿಂದ

ಹದಿನೆಂಟನೇ ಶತಮಾನದ ಇಂಗ್ಲಿಷ್, ಫ್ರೆಂಚ್ ಶೈಲಿಯ ಕುರ್ಚಿ, ಮೇಜುಗಳ ಪ್ರತಿಕೃತಿ ಮಾಡುವಾಗ ನಾನು ಮೊದಲು ನಿರ್ಧರಿಸುವುದು ಕಾಲನ್ನು. ಬಾಗಿದ ಕಾಲಿಗೆ ಉರುಟಾದ ಚಪ್ಪಟೆ ಪಾದವಿದ್ದರೆ ಕ್ವೀನ್ ಆ್ಯನ್, ಚೌಕದ ಕಾಲು ಕೆಳಗಿಳಿದಂತೆ ಸಣ್ಣಗಾದರೆ ಹೆಪಲ್‌ವೈಟ್, ನೇರ ಕಾಲಿಗೆ ಉದ್ದುದ್ದ ಗೀರು ತೋಡಿದ್ದರೆ ಹದಿನಾರನೇ ಲೂಯಿ. ಚೆಂಡು ಹಿಡಿದ ಉಗುರಿನ ಪಾದ ಕಂಡರೆ ಎಲ್ಲರೂ ಚಿಪ್ಪೆಂಡೇಲ್ ಅನ್ನುತ್ತಾರೆ. ಆದರೆ ಪೀಠೋಪಕರಣ ಮಾಡುತ್ತಿದ್ದ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ವಿನ್ಯಾಸಗಳಲ್ಲಿ ಆ ಪಾದ ಇಲ್ಲವೇ ಇಲ್ಲ. ಕೇಳಿದವರಿಗೆ ಮಾಡಿಕೊಡುತ್ತೇನೆ, ಅಷ್ಟೆ.

ಬಾಗುಗಾಲಿಗೆ 75 ಮಿ.ಮೀ. ಚೌಕದ, ಮರದ ಎಳೆ ನೇರವಾಗಿರುವ ಮಹಾಗನಿ ಅಥವಾ ವಾಲ್‌ನಟ್ ತುಂಡು ಬೇಕು. ಎಳೆ ಓರೆಯಾಗಿದ್ದರೆ ಕಣಕಾಲಿನ (ಪಾದದ ಮೇಲೆ ಕಾಲು ಸಣ್ಣಗಾಗುವ ಜಾಗ) ಹತ್ತಿರ ಅದು ಪೂರ್ತಿ ಅಡ್ಡವಾಗಿಬಿಡುತ್ತದೆ, ಕುರ್ಚಿ ಎಳೆದಾಗ ಅಲ್ಲೇ ಮುರಿಯುತ್ತದೆ. ಆ ಜಾಗವನ್ನು ನಾನು 32 ಮಿ.ಮೀ.ಗಿಂತ ತೆಳು ಮಾಡುವುದಿಲ್ಲ. ತೆಳು ಪ್ಲೈವುಡ್‌ನ ಅಚ್ಚಿನಿಂದ ಅಕ್ಕಪಕ್ಕದ ಎರಡು ಮುಖಗಳ ಮೇಲೆ ಗೆರೆ ಹಾಕಬೇಕು. ಎರಡೂ ಗೆರೆಗಳ ಮಂಡಿ, ಅಂದರೆ ಮೇಲೆ ಹೊರಕ್ಕೆ ಉಬ್ಬುವ ಭಾಗ, ಒಂದೇ ಮೂಲೆಗೆ ಬರಬೇಕು. ಅಡ್ಡಪಟ್ಟಿಯ ತುದಿ ಕೂರಿಸುವ ಮಾರ್ಟಿಸ್ ತೂತುಗಳನ್ನು ತುಂಡು ಚೌಕವಾಗಿರುವಾಗಲೇ ಕೊರೆದುಬಿಡಿ, ಆಮೇಲೆ ಅದನ್ನು ಬಿಗಿಯಾಗಿ ಹಿಡಿದು ನಿಲ್ಲಿಸುವುದು ಕಷ್ಟ. ಬ್ಯಾಂಡ್ ಸಾ ಎಂಬ ಪಟ್ಟಿಗರಗಸದ ಯಂತ್ರದಲ್ಲಿ ಒಂದು ಮುಖ ಕೊಯ್ದು, ಉದುರಿದ ಚೂರುಗಳನ್ನು ಟೇಪಿನಿಂದ ಅದೇ ಜಾಗಕ್ಕೆ ಕಟ್ಟಿ, ಹೊರಳಿಸಿ ಎರಡನೆಯದನ್ನು ಕೊಯ್ಯುವುದು. ಚೂರು ಕಟ್ಟದಿದ್ದರೆ ಎರಡನೇ ಗೆರೆ ಚೂರಿನ ಜೊತೆಗೇ ಹೋಗುತ್ತದೆ, ತುಂಡು ಅಲುಗಾಡಿ ಬ್ಲೇಡೂ ಕಚ್ಚಿಕೊಳ್ಳುತ್ತದೆ. ಮಿಕ್ಕಿದ್ದು ಸ್ಪೋಕ್‌ಶೇವ್ (ಎರಡು ಹಿಡಿಯ, ಬಾಗು ಹೆರೆಯುವ ಸಣ್ಣ ಉಜ್ಜುಗೊರಡು) ಮತ್ತು ಅರದ ಕೆಲಸ. ಮಂಡಿಯ ಅಕ್ಕಪಕ್ಕ ಅಂಟಿಸುವ ತುಂಡುಗಳು ಅದೇ ಹಲಗೆಯವಾಗಿರಲಿ, ಎಳೆಯೂ ಕಾಲಿನ ದಿಕ್ಕಿಗೇ ಇರಲಿ. ಇಲ್ಲದಿದ್ದರೆ ಪಾಲಿಶ್ ಬಿದ್ದ ಮೇಲೆ ಬಣ್ಣ ಬೇರೆಯಾಗಿ ಕಾಣುತ್ತದೆ. ಮುಗಿದ ಕಾಲು ಆಸರೆಯಿಲ್ಲದೆ ನಿಂತರೆ ಅಚ್ಚು ಸರಿಯಿದೆ.

ಹೆಪಲ್‌ವೈಟ್ ಕಾಲು ಸುಲಭ: ಮೇಲೆ 38, ಕೆಳಗೆ 20 ಮಿ.ಮೀ. ಒಳಗಿನ ಎರಡು ಮುಖಗಳನ್ನು ಮಾತ್ರ ಓರೆ ಮಾಡಬೇಕು, ಅದೂ ಕಾಲುಗಳನ್ನು ಮೇಲ್ಗಡೆ ಜೋಡಿಸುವ ಅಡ್ಡಪಟ್ಟಿಯ ಕೆಳಗಿನಿಂದ. ನಾಲ್ಕೂ ಕಡೆ ಓರೆ ಮಾಡಿದರೆ ಪಾದಗಳು ಒಳಕ್ಕೆ ತಿರುಗಿದಂತೆ ಕಾಣುತ್ತವೆ.

ಪಾಲಿಶ್‌ಗೆ 1 ಲೀಟರ್ ಸ್ಪಿರಿಟ್‌ನಲ್ಲಿ 240 ಗ್ರಾಂ ಅರಗಿನ ಚಕ್ಕೆ. ಕೊನೆಯ ಲೇಪಗಳಿಗೆ ಇದರ ಅರ್ಧದಷ್ಟು ತೆಳು. ಪಾಲಿಶ್ ಹಚ್ಚುವ ಬಟ್ಟೆಯುಂಡೆಯನ್ನು ಮರದ ಮೇಲೆ ನಿಲ್ಲಿಸಿದರೆ ಅದು ಅಂಟಿ ಕಲೆ ಬೀಳುತ್ತದೆ. ಗಾಳಿಯಲ್ಲಿ ತೇವವಿರುವ ಥಂಡಿಯ ದಿನ ಹಚ್ಚಿದರೆ ಬಿಳಿ ಮಂಜು ಕೂರುತ್ತದೆ.

ಸವೆತ ತೋರಿಸಲು ಕೆಲವರು ಸರಪಳಿಯಿಂದ ಎಲ್ಲ ಕಡೆ ಬಡಿಯುತ್ತಾರೆ, ನೋಡಿದರೇ ಸುಳ್ಳು ಗೊತ್ತಾಗುತ್ತದೆ. ಕೈಯಿಡುವ ತುದಿ, ಕೂತವರ ಪಾದ ಒರಗುವ ಮುಂದಿನ ಕೆಳ ಅಡ್ಡಪಟ್ಟಿ, ಡ್ರಾಯರ್‌ನ ಕೆಳ ಅಂಚು: ಸವೆಸುವುದು ಇಷ್ಟನ್ನೇ. ಸ್ಕ್ರೂ ಹಾಕುವುದಾದರೆ ಒಂದೇ ಗೀರಿನ ತಲೆಯದು. ಪ್ಲಸ್ ತಲೆಯ ಫಿಲಿಪ್ಸ್ ಸ್ಕ್ರೂ ಬಂದದ್ದು 1930ರ ದಶಕದಲ್ಲಿ.