ಹುಟ್ಟಿದ ಹೊತ್ತು ಹುಡುಕುವಾಗ ಮೊದಲು ವಾರ ಕೇಳಿ

ನಲವತ್ತು ದಾಟುವವರೆಗೂ ನನ್ನದು ಉತ್ತರಾಷಾಢ ನಕ್ಷತ್ರ ಎಂದೇ ನಂಬಿದ್ದೆ. ಅರ್ಚನೆಗೂ ಹಾಗೇ ಹೇಳುತ್ತಿದ್ದೆ. ನಿಜವಾಗಿ ನನ್ನದು ಶ್ರವಣ. ‘ಮಂಗಳವಾರ ರಾತ್ರಿ ಎರಡು ಗಂಟೆ’ ಎಂದು ಅಮ್ಮ ಹೇಳಿದ್ದನ್ನು ನಾವು 1979ರ ಆಗಸ್ಟ್ 7, ಬೆಳಗಿನ ಜಾವ 2 ಎಂದು ಬರೆದುಕೊಟ್ಟು ಜಾತಕ ಮಾಡಿಸಿದ್ದೆವು. ಅಮ್ಮನಿಗೆ ವಾರ ಬದಲಾಗುವುದು ಸೂರ್ಯ ಹುಟ್ಟಿದ ಮೇಲೆ. ಪಂಚಾಂಗಕ್ಕೂ ಹಾಗೆಯೇ. ಗೋಡೆಯ ಕ್ಯಾಲೆಂಡರಿಗೆ ಮಾತ್ರ ನಡುರಾತ್ರಿಗೆ. ಅಮ್ಮನ ಮಂಗಳವಾರ ರಾತ್ರಿ ಎರಡೆಂದರೆ ಕ್ಯಾಲೆಂಡರಿನಲ್ಲಿ ಆಗಸ್ಟ್ 8, ಬುಧವಾರ. ಅಷ್ಟರಲ್ಲಿ ಚಂದ್ರ ಮುಂದಿನ ನಕ್ಷತ್ರಕ್ಕೆ ಹೋಗಿಯಾಗಿತ್ತು.

ಹಾಗಾಗಿ ರಾತ್ರಿ ಹುಟ್ಟಿದವರು ಮನೆಯ ಹಿರಿಯರ ಹತ್ತಿರ ‘ಎಷ್ಟು ಗಂಟೆ’ ಎನ್ನುವ ಮೊದಲು ಇದನ್ನು ಕೇಳಿ: ‘ಹೆರಿಗೆಯಾಗಿ ಬೆಳಕು ಹರಿದದ್ದು ಯಾವ ವಾರ?’ ಇದಕ್ಕೆ ಯಾರೂ ತಪ್ಪು ಉತ್ತರ ಕೊಡುವುದಿಲ್ಲ. ಶಾಲೆಯ ದಾಖಲೆಯನ್ನು ನೆಚ್ಚಬೇಡಿ. ನಮ್ಮ ತಲೆಮಾರಿನ ಎಷ್ಟೋ ಜನರಿಗೆ ಮೇಷ್ಟ್ರು ಬರೆದುಕೊಂಡ ಜೂನ್ 1 ಜನ್ಮದಿನವಾಗಿದೆ, ನನಗೂ ಅದೇ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಜನನ ಪ್ರಮಾಣಪತ್ರದಲ್ಲಿ ತಾರೀಖು, ಸ್ಥಳ ಸಿಗುತ್ತವೆ, ಹೊತ್ತು ಸಿಗುವುದಿಲ್ಲ. ಹೊತ್ತು ಇರುವುದು ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡಿನಲ್ಲಿ, ಹೆರಿಗೆ ವಾರ್ಡಿನ ರಿಜಿಸ್ಟರಿನಲ್ಲಿ. ಒಳರೋಗಿಗಳ ದಾಖಲೆಯನ್ನು ವೈದ್ಯರು 3 ವರ್ಷ ಇಟ್ಟುಕೊಂಡರೆ ಸಾಕು ಎಂಬ ನಿಯಮವಿದೆ. ಹಾಗಾಗಿ ಮಗು ಚಿಕ್ಕದಿರುವಾಗಲೇ ಆ ಕಾರ್ಡಿನ ಫೋಟೋ ತೆಗೆದಿಡಿ. ಹಳೆಯ ರಿಜಿಸ್ಟರ್ ಉಳಿದಿದ್ದರೆ ಅಮ್ಮನ ಹೆಸರಿನಲ್ಲಿ ಹುಡುಕಿಸಬೇಕು. ಚೊಚ್ಚಲ ಹೆರಿಗೆಗೆ ತವರಿಗೆ ಹೋದವರನ್ನು ಅಜ್ಜನ ಹೆಸರು ಸೇರಿಸಿಯೇ ಬರೆಸಿರುತ್ತಾರೆ, ಅದನ್ನೂ ನೋಡಿ.

ನಾನು ಹುಟ್ಟಿದ್ದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ, ಅಜ್ಜನ ಮನೆಯ ನಡುಕೋಣೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಆಸ್ಪತ್ರೆಯ ಕಾಗದ ಇಲ್ಲವೇ ಇಲ್ಲ. ಇದ್ದದ್ದು ಅಟ್ಟದ ಟ್ರಂಕಿನಲ್ಲಿ ಆ ವರ್ಷದ ಪಂಚಾಂಗ. ಶ್ರಾವಣದ ಪುಟದ ಅಂಚಿನಲ್ಲಿ ಅಜ್ಜ ಪೆನ್ಸಿಲಿನಲ್ಲಿ ಬರೆದಿದ್ದರು: ‘ಮಂಗಳ, ಗತಘಟಿ 50, ಹೆಣ್ಣು.’ ನಿಮ್ಮ ಮನೆಯಲ್ಲೂ ಹಳೆಯ ಪಂಚಾಂಗ, ಲೆಕ್ಕದ ಪುಸ್ತಕ, ಬೀರುವಿನ ಬಾಗಿಲ ಒಳಮೈ ಎಲ್ಲ ನೋಡಿ. ಗತಘಟಿ ಎಂದರೆ ಸೂರ್ಯೋದಯದಿಂದ ಕಳೆದ ಘಳಿಗೆ. ಒಂದು ಘಳಿಗೆಗೆ 24 ನಿಮಿಷ, ಐವತ್ತಕ್ಕೆ 20 ಗಂಟೆ. ಆ ದಿನ ಸಾಗರದಲ್ಲಿ ಸೂರ್ಯೋದಯ ಸುಮಾರು 6.15. ಕೂಡಿಸಿದರೆ ರಾತ್ರಿ 2.15.

ಅಜ್ಜ ಘಳಿಗೆಯನ್ನು ಇಡಿಯಾಗಿ ಬರೆದಿದ್ದರಲ್ಲ, ಹತ್ತು ನಿಮಿಷ ಆಚೀಚೆ ಇರಬಹುದು ಎಂದು ಅಮ್ಮನನ್ನೂ ದೊಡ್ಡಮ್ಮನನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದೆ. ಒಟ್ಟಿಗೆ ಕೇಳಬೇಡಿ, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಹೂಂಗುಟ್ಟುತ್ತಾರೆ. ಗಂಟೆ ಕೇಳುವ ಬದಲು ಆಗ ಏನು ನಡೆಯುತ್ತಿತ್ತು ಎಂದು ಕೇಳಿ. ಹಗಲಾದರೆ ಹಾಲು ಕರೆದಾಗಿತ್ತೇ, ಮೊದಲ ಬಸ್ಸು ಹೋಗಿತ್ತೇ, ರೇಡಿಯೋದಲ್ಲಿ 6.55ರ ಸಂಸ್ಕೃತ ವಾರ್ತೆ ಬಂದಿತ್ತೇ. ನಮ್ಮ ಮನೆಯಲ್ಲಿ ನೆರವಾದದ್ದು ಗೋಡೆ ಗಡಿಯಾರ. ಗಂಟೆಗೆ ಅಷ್ಟು ಸಲ, ಅರ್ಧ ಗಂಟೆಗೆ ಒಂದೇ ಸಲ ಹೊಡೆಯುವಂಥದ್ದು. ‘ಎರಡು ಹೊಡೆದದ್ದು ಕೇಳಿಸಿತ್ತು, ಆಮೇಲೆ ಹೆಚ್ಚು ಹೊತ್ತಾಗಲಿಲ್ಲ’ ಎಂದರು ಅಮ್ಮ. ‘ಮಗುವಿಗೆ ನೀರೆರೆದು ಬಟ್ಟೆ ಸುತ್ತುವಾಗ ಒಂದು ಹೊಡೆಯಿತು’ ಎಂದರು ದೊಡ್ಡಮ್ಮ. ಆ ಒಂದು, ಎರಡೂವರೆಯದ್ದು. ಅಜ್ಜ ದಿನಾ ರೇಡಿಯೋ ವಾರ್ತೆಯ ಹೊತ್ತಿಗೆ ಗಡಿಯಾರ ಸರಿಮಾಡುತ್ತಿದ್ದರೆಂದು ಇಬ್ಬರೂ ಹೇಳಿದರು. ಆರು ತಿಂಗಳಿಗೆ ದೊಡ್ಡಮ್ಮ ಹೋಗಿಬಿಟ್ಟರು. ಕಾಗದ ಆಮೇಲೂ ಹುಡುಕಬಹುದು, ಹಿರಿಯರನ್ನು ಈ ವಾರವೇ ಕೇಳಿ.

ಇಷ್ಟು ನಿಖರತೆ ಏಕೆ ಎಂದರೆ ಲಗ್ನಕ್ಕಾಗಿ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿಗಾಗಿ. ನಕ್ಷತ್ರದ ಒಂದು ಪಾದ, ಅಂದರೆ ಕಾಲು ಭಾಗ, ಸುಮಾರು ಆರು ಗಂಟೆ ಇರುತ್ತದೆ, ಅರ್ಧ ಗಂಟೆ ತಪ್ಪಿದರೂ ಹೆಚ್ಚಿನವರಿಗೆ ನಕ್ಷತ್ರ ಕೆಡದು. ಲಗ್ನ ಎರಡು ಗಂಟೆಗೊಮ್ಮೆ, ಆ ರಾಶಿಯನ್ನು ಒಂಬತ್ತು ಪಾಲು ಮಾಡಿ ನೋಡುವ ನವಾಂಶ ಲಗ್ನ ಸುಮಾರು 13 ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಸಿಕ್ಕಿದ ಅವಧಿಯ ಮೊದಲ ನಿಮಿಷಕ್ಕೊಂದು, ಕೊನೆಯ ನಿಮಿಷಕ್ಕೊಂದು ಕುಂಡಲಿ ಹಾಕಿಸಿ ನೋಡಿ. ನನಗೆ 2.00ಕ್ಕೂ 2.30ಕ್ಕೂ ವೃಷಭವೇ ಬಂತು. ಇನ್ನು ಮೂರ್ನಾಲ್ಕು ನಿಮಿಷ ಕಳೆದಿದ್ದರೆ ಮಿಥುನ.

ಎರಡು ಬೇರೆ ಲಗ್ನ ಬಂದರೆ ಎರಡನ್ನೂ ಜೋಯಿಸರ ಮುಂದಿಡಿ. ಮದುವೆಯಾದ ವರ್ಷ, ಕೆಲಸ ಸಿಕ್ಕ ವರ್ಷ ಕೇಳಿಕೊಂಡು ಅದರಿಂದ ಹುಟ್ಟಿದ ನಿಮಿಷ ಲೆಕ್ಕ ಹಾಕುವ ಜನ್ಮಕಾಲ ಶೋಧನೆ ಮಾಡುವವರಿದ್ದಾರೆ. ಮಾಡಿಸುವುದಾದರೆ ಮಾಡಿಸಿ, ಆದರೆ ಆ ನಿಮಿಷವನ್ನು ‘ಶೋಧಿಸಿದ್ದು’ ಎಂದೇ ಬರೆದಿಡಿ. ಮುಂದೆ ಮಕ್ಕಳು ಅದನ್ನು ಕಣ್ಣಾರೆ ಕಂಡ ಹೊತ್ತೆಂದು ತಿಳಿಯಬಾರದು.

ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಇನ್ನೊಂದು ಎಚ್ಚರ. ಯುದ್ಧಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟಿದ್ದರು. 1944ರಲ್ಲಿ ಹುಟ್ಟಿದ ನಮ್ಮ ಅತ್ತೆಯವರ ಹೊತ್ತಿನಲ್ಲಿ ಆ ಒಂದು ಗಂಟೆ ಕಳೆದ ಮೇಲೆ ಲಗ್ನ ಹಿಂದಿನ ರಾಶಿಗೆ ಹೋಯಿತು.

ಈಗ ಜೋಯಿಸರಿಗೆ ನಾನು ಕೊಡುವ ಚೀಟಿ ಹೀಗಿದೆ: ‘ಸಾಗರ. 8 ಆಗಸ್ಟ್ 1979, ಬುಧವಾರ (ಪಂಚಾಂಗದಂತೆ ಮಂಗಳವಾರ). ಬೆಳಗಿನ ಜಾವ 2.00ರಿಂದ 2.30ರೊಳಗೆ. ಅಜ್ಜ ಬರೆದಂತೆ 2.15.’