ಕೂದಲು ಉದುರುತ್ತಿದೆಯೇ? ಎಣ್ಣೆ ಬದಲಿಸುವ ಮೊದಲು ಮೂರು ತಿಂಗಳು ಹಿಂದಕ್ಕೆ ಎಣಿಸಿ

ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದ ಹೊತ್ತಿಗೆ ಮಳೆ ಹಿಂದೆ ಸರಿದು ತೋಟದೊಳಗೆ ಬಿಸಿಲು ಬೀಳತೊಡಗುತ್ತದೆ. ಒಂದು ವರ್ಷ ಅದೇ ದಿನಗಳಲ್ಲಿ, ತಲೆಗೆ ನೀರು ಹಾಕಿಕೊಂಡಾಗಲೆಲ್ಲ ಬಚ್ಚಲಿನ ಜಾಲರಿ ಮುಚ್ಚಿಹೋಗುವಷ್ಟು ಕೂದಲು ಉದುರುವುದನ್ನು ಕಂಡು ನಾನು ಬಹಳ ಹೆದರಿದ್ದೆ. ಬಾವಿಯ ನೀರು ಕೆಟ್ಟಿದೆ ಎಂದು ಮನೆಯಲ್ಲಿ ಒಬ್ಬರು, ಶಾಂಪೂ ಆಗಿಬರಲಿಲ್ಲ ಎಂದು ಇನ್ನೊಬ್ಬರು ಹೇಳಿದರು. ನಾನು ಎರಡನ್ನೂ ನಂಬಿ, ಮಡಿಕೇರಿಯ ಅಂಗಡಿಯಿಂದ ಹೊಸ ಎಣ್ಣೆ ತಂದು ಹಚ್ಚಿದೆ. ಕೊನೆಗೆ ತೋರಿಸಿಕೊಂಡ ಚರ್ಮವೈದ್ಯರು ಎಣ್ಣೆಯ ವಿಚಾರವನ್ನೇ ಎತ್ತಲಿಲ್ಲ. ಮೂರು ತಿಂಗಳ ಹಿಂದೆ ಏನಾಗಿತ್ತು ಎಂದಷ್ಟೇ ಕೇಳಿದರು. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ನಮ್ಮ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಡೆಂಗಿ ಜ್ವರ ಬಂದು ಹತ್ತು ದಿನ ಮಲಗಿದ್ದುದು ಆಗ ನೆನಪಾಯಿತು. ಕೂದಲಿನ ಬಗ್ಗೆ ಯಾರು ಏನೇ ಕೇಳಿದರೂ ನಾನು ಅದೇ ಪ್ರಶ್ನೆಯಿಂದ ಆರಂಭಿಸುವುದು ಈ ಕಾರಣಕ್ಕೆ.

ಇದರ ಹಿಂದಿನ ಲೆಕ್ಕ ಸರಳವಾಗಿದೆ. ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ 2ರಿಂದ 6 ವರ್ಷ ಬೆಳೆದು, ಎರಡು ಮೂರು ವಾರಗಳಲ್ಲಿ ಬೆಳವಣಿಗೆಯನ್ನು ನಿಲ್ಲಿಸಿ, ಆಮೇಲೆ ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ಅದೇ ಬುಡದಿಂದ ಹೊಸ ಕೂದಲು ಹುಟ್ಟುತ್ತದೆ. ಆರೋಗ್ಯವಂತರಲ್ಲಿ ಯಾವ ಹೊತ್ತಿನಲ್ಲಿ ನೋಡಿದರೂ ಶೇ 10ರಷ್ಟು ಕೂದಲು ಈ ವಿಶ್ರಾಂತಿಯ ಹಂತದಲ್ಲಿರುತ್ತದೆ. 10 ಸಾವಿರ ಕೂದಲು ಸುಮಾರು 100 ದಿನಗಳಲ್ಲಿ ಉದುರಬೇಕೆಂದರೆ ದಿನಕ್ಕೆ 100 ಆಯಿತು. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜ ಎಂದು ವೈದ್ಯರು ಹೇಳುವುದು ಈ ಲೆಕ್ಕದಿಂದಲೇ. ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಒಮ್ಮೆಲೇ ಊಟ ಬಿಟ್ಟು ತೂಕ ಇಳಿಸುವುದು, ಮನೆಯವರ ಸಾವಿನಂತಹ ದೊಡ್ಡ ಆಘಾತ, ಇವುಗಳಲ್ಲಿ ಯಾವುದಾದರೂ ಒಂದು ಬಂದಾಗ ಶರೀರವು ಬೆಳೆಯುತ್ತಿದ್ದ ಕೂದಲುಗಳಲ್ಲಿ ದೊಡ್ಡ ಪಾಲನ್ನು ಒಟ್ಟಿಗೇ ವಿಶ್ರಾಂತಿಗೆ ಕಳುಹಿಸುತ್ತದೆ. ವಿಶ್ರಾಂತಿಗೆ ಹೋದ ಕೂದಲು ಅಂದೇ ಉದುರುವುದಿಲ್ಲ. ಎರಡು ಮೂರು ತಿಂಗಳು ತಲೆಯಲ್ಲೇ ಇದ್ದು, ನಾವು ಜ್ವರವನ್ನು ಮರೆತ ಮೇಲೆ ಉದುರತೊಡಗುತ್ತದೆ. ಆದ್ದರಿಂದಲೇ ನಿಜವಾದ ಕಾರಣ ಯಾರ ಕಣ್ಣಿಗೂ ಬೀಳದೆ, ನಿನ್ನೆ ಮೊನ್ನೆ ಬದಲಾಯಿಸಿದ ಶಾಂಪೂ ತಪ್ಪಿತಸ್ಥನಾಗುತ್ತದೆ.

ಹಾಗಾಗಿ ಮೊದಲು ಒಂದು ಹಾಳೆ ತೆಗೆದುಕೊಂಡು, ಉದುರುವುದು ಹೆಚ್ಚಾದ ತಿಂಗಳನ್ನು ಬರೆದು, ಅಲ್ಲಿಂದ ಎರಡರಿಂದ ನಾಲ್ಕು ತಿಂಗಳು ಹಿಂದೆ ನಡೆದದ್ದನ್ನೆಲ್ಲ ಬರೆಯಿರಿ: ಜ್ವರ, ಆಸ್ಪತ್ರೆ ವಾಸ, ಹೆರಿಗೆ, ಹೊಸದಾಗಿ ಆರಂಭಿಸಿದ ಅಥವಾ ನಿಲ್ಲಿಸಿದ ಮಾತ್ರೆ, ಉಪವಾಸ, ದುಃಖ. ಕಾರಣವು ಸಿಕ್ಕಿ, ಅದು ಮುಗಿದೂ ಹೋಗಿದ್ದರೆ ಈ ಬಗೆಯ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ ಜಡೆಯ ದಪ್ಪ ಹಿಂದಿನಂತೆ ಕಾಣಲು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾದೀತು. ಬಾಣಂತಿಯರಿಗೆ ಇದನ್ನು ನಾನು ವಿಶೇಷವಾಗಿ ಹೇಳಬಯಸುತ್ತೇನೆ. ಹೆರಿಗೆಯಾಗಿ ಎರಡು ಮೂರು ತಿಂಗಳಾದ ಮೇಲೆ ಮುಷ್ಟಿ ಮುಷ್ಟಿ ಕೂದಲು ಬರುವುದು ಹಾಲೂಡಿಸುವುದರಿಂದಲೂ ಅಲ್ಲ, ಪಥ್ಯ ತಪ್ಪಿದ್ದರಿಂದಲೂ ಅಲ್ಲ; ಬಸಿರಿನಲ್ಲಿ ಉದುರದೆ ಉಳಿದಿದ್ದ ಕೂದಲು ಒಟ್ಟಿಗೇ ಉದುರುತ್ತಿದೆ, ಅಷ್ಟೇ. ಮಗುವಿನ ವರ್ಷದ ಹುಟ್ಟುಹಬ್ಬದ ಹೊತ್ತಿಗೆ ಬಹುತೇಕರಿಗೆ ಅದು ಸರಿಹೋಗಿರುತ್ತದೆ.

ಉದುರಿದ ಕೂದಲಿನ ತುದಿಯಲ್ಲಿ ಬಿಳಿ ಗುಂಡು ಕಂಡು, ಬೇರೇ ಕಿತ್ತುಬಂತು ಎಂದು ಅಳುವವರನ್ನು ನೋಡಿದ್ದೇನೆ. ಅದು ಬೇರಲ್ಲ. ವಿಶ್ರಾಂತಿ ಮುಗಿಸಿದ ಕೂದಲಿನ ಬುಡವು ಹಾಗೆಯೇ ಇರುತ್ತದೆ. ಹೊಸ ಕೂದಲನ್ನು ಹುಟ್ಟಿಸುವ ಕೋಶ ಚರ್ಮದೊಳಗೇ ಉಳಿದಿರುತ್ತದೆ.

ಮೂರು ತಿಂಗಳ ಲೆಕ್ಕಕ್ಕೆ ಸಿಗದಿದ್ದರೆ

ಎಲ್ಲ ಕೂದಲು ಸಮಸ್ಯೆಯೂ ಕಾದರೆ ಸರಿಹೋಗುವಂಥದ್ದಲ್ಲ. ಕೆಲವು ಬಗೆಗಳಲ್ಲಿ ಕಾಯುವುದರಿಂದಲೇ ನಷ್ಟ. ಆದ್ದರಿಂದ ಕನ್ನಡಿಯ ಮುಂದೆ, ಹಗಲು ಬೆಳಕಿನಲ್ಲಿ, ಕೂದಲು ಎಲ್ಲಿಂದ ಕಡಿಮೆಯಾಗುತ್ತಿದೆ ಎಂಬುದನ್ನು ಗಮನಿಸಬೇಕು. ಹಣೆಯ ಎರಡು ಮೂಲೆಗಳು ಹಿಂದೆ ಸರಿಯುತ್ತಿದ್ದರೆ, ನೆತ್ತಿಯ ಸುಳಿಯ ಸುತ್ತ ಚರ್ಮ ಕಾಣುತ್ತಿದ್ದರೆ, ಹೆಂಗಸರಲ್ಲಿ ಬೈತಲೆಯ ಗೆರೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ, ಅದು ವಂಶವಾಹಿಯಿಂದ ಬರುವ ಬಗೆಯಾಗಿರುವ ಸಾಧ್ಯತೆ ಹೆಚ್ಚು. ಇದರಲ್ಲಿ ಕೂದಲು ರಾಶಿಯಾಗಿ ಉದುರುವುದಕ್ಕಿಂತ ಒಂದೊಂದು ಕೂದಲೂ ಸುತ್ತಿನಿಂದ ಸುತ್ತಿಗೆ ಸಣ್ಣದಾಗುತ್ತಾ ನೂಲಿನಂತಾಗುತ್ತದೆ. ಗಂಡಸರಲ್ಲಿ ಟೆಸ್ಟೋಸ್ಟಿರೋನ್‌ನಿಂದ ಹುಟ್ಟುವ ಡಿಎಚ್‌ಟಿ ಎಂಬ ಹಾರ್ಮೋನಿಗೆ ಆ ಭಾಗದ ಕೋಶಗಳು ಹೆಚ್ಚು ಸ್ಪಂದಿಸುವುದೇ ಇದಕ್ಕೆ ಕಾರಣ. ತಾಯಿಯ ತಂದೆಯ ತಲೆ ನೋಡಿದರೆ ಮೊಮ್ಮಗನ ತಲೆ ತಿಳಿಯುತ್ತದೆ ಎಂಬ ಮಾತು ಅರ್ಧ ಮಾತ್ರ ಸತ್ಯ. ತಂದೆಯ ಕಡೆಯಿಂದಲೂ ಈ ಗುಣ ಬರುತ್ತದೆ.

ನಾಣ್ಯದಷ್ಟು ದುಂಡಗೆ, ನುಣ್ಣಗೆ ಒಂದು ಜಾಗದಲ್ಲಿ ಮಾತ್ರ ಕೂದಲು ಹೋಗಿದ್ದರೆ ಅದು ಬೇರೆಯೇ ರೋಗ. ಹುಳ ತಿಂದಿದೆ ಎಂದು ಹಿರಿಯರು ಹೇಳುತ್ತಿದ್ದರು, ಆದರೆ ಅಲ್ಲಿ ಯಾವ ಹುಳವೂ ಇಲ್ಲ. ಶರೀರದ ರಕ್ಷಣಾ ವ್ಯವಸ್ಥೆಯೇ ತನ್ನ ಕೂದಲ ಬುಡದ ಮೇಲೆ ತಪ್ಪಾಗಿ ದಾಳಿ ಮಾಡುತ್ತಿರುತ್ತದೆ. ಇದು ಅಂಟುವುದಿಲ್ಲ. ಮಕ್ಕಳ ತಲೆಯಲ್ಲಿ ಹೊಟ್ಟೆದ್ದು, ತುರಿಸಿ, ಕೂದಲು ಬುಡದಲ್ಲೇ ತುಂಡಾಗಿದ್ದರೆ ಮಾತ್ರ ಅದು ಶಿಲೀಂಧ್ರದ ಸೋಂಕು ಇರಬಹುದು; ಅದು ಅಂಟುತ್ತದೆ, ಬಾಯಿಯ ಮೂಲಕ ಕೊಡುವ ಔಷಧಿಯನ್ನು ವಾರಗಟ್ಟಲೆ ಕೊಡಬೇಕಾಗುತ್ತದೆ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆಸಿದ ಮುಲಾಮನ್ನು ಅದಕ್ಕೆ ಹಚ್ಚಲೇಬಾರದು. ತುರಿಕೆ ಎರಡು ದಿನ ಅಡಗಿ, ಸೋಂಕು ಒಳಗೊಳಗೇ ಹರಡುತ್ತದೆ. ಕೂದಲು ಹೋದ ಜಾಗ ಕೆಂಪಾಗಿ, ನೋವಾಗಿ, ಕಲೆ ಬಿದ್ದಂತೆ ಹೊಳೆಯುತ್ತಿದ್ದರೆ ಒಂದು ವಾರವೂ ತಡಮಾಡಬೇಡಿ, ಏಕೆಂದರೆ ಕಲೆ ಬಿದ್ದ ಬುಡದಿಂದ ಕೂದಲು ಮತ್ತೆ ಬರುವುದಿಲ್ಲ.

ದಿನವೂ ಬಿಗಿಯಾಗಿ ಜಡೆ ಹೆಣೆಯುವುದರಿಂದ, ತುರುಬು ಎಳೆದು ಕಟ್ಟುವುದರಿಂದ ಹಣೆಯಂಚಿನ ಕೂದಲು ಮೊದಲು ಹೋಗುತ್ತದೆ. ಶಾಲೆಗೆ ಹೋಗುವ ಹುಡುಗಿಯರ ತಾಯಂದಿರು ಇದನ್ನು ನೋಡಬೇಕು. ಸಡಿಲಗೊಳಿಸಿದರೆ ಆರಂಭದಲ್ಲಿ ಕೂದಲು ಮರಳುತ್ತದೆ. ವರ್ಷಗಟ್ಟಲೆ ಎಳೆದ ಮೇಲೆ ಮರಳದು.

ರಕ್ತ ಪರೀಕ್ಷೆ ಮತ್ತು ಊಟದ ಜೊತೆಗಿನ ಕಾಫಿ

ಕೂದಲು ಸುಮ್ಮನೆ ಉದುರುತ್ತಲೇ ಇದ್ದು ಆರು ತಿಂಗಳು ದಾಟಿದರೆ ವೈದ್ಯರು ಸಾಮಾನ್ಯವಾಗಿ ರಕ್ತದ ಎಣಿಕೆ, ಫೆರಿಟಿನ್, ಥೈರಾಯ್ಡಿನ ಟಿಎಸ್‌ಎಚ್, ಅಗತ್ಯವಿದ್ದರೆ ವಿಟಮಿನ್ ಡಿ ಮತ್ತು ಬಿ12 ನೋಡಿಸುತ್ತಾರೆ. ಇವುಗಳಲ್ಲಿ ಫೆರಿಟಿನ್ ಎಂಬುದು ಶರೀರದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ. ಹಿಮೋಗ್ಲೋಬಿನ್ ಸರಿಯಾಗಿದ್ದರೂ ಈ ದಾಸ್ತಾನು ಬರಿದಾಗಿರಬಹುದು, ವಿಶೇಷವಾಗಿ ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವವಾಗುವ ಹೆಂಗಸರಲ್ಲಿ.

ಕೊಡಗಿನವರಾದ ನಾವು ಇಲ್ಲೊಂದು ಅಭ್ಯಾಸವನ್ನು ತಿದ್ದಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳಗಿನ ಅಕ್ಕಿರೊಟ್ಟಿಯ ಜೊತೆಗೇ ಬೆಲ್ಲದ ಕಾಫಿ, ಊಟ ಮುಗಿಯುತ್ತಿದ್ದಂತೆ ಮತ್ತೊಂದು ಲೋಟ ಎಂಬುದು ನಮ್ಮಲ್ಲಿ ಅನೇಕ ಮನೆಗಳ ಕ್ರಮ. ಕಾಫಿ ಮತ್ತು ಚಹಾದಲ್ಲಿರುವ ಪಾಲಿಫಿನಾಲುಗಳು ಸೊಪ್ಪು, ಕಾಳು, ಧಾನ್ಯಗಳ ಕಬ್ಬಿಣವನ್ನು ಶರೀರ ಹೀರಿಕೊಳ್ಳದಂತೆ ತಡೆಯುತ್ತವೆ. ಕಾಫಿ ಬಿಡಬೇಕಾಗಿಲ್ಲ; ಊಟಕ್ಕೂ ಕಾಫಿಗೂ ಒಂದು ಗಂಟೆಯ ಅಂತರವಿದ್ದರೆ ಸಾಕು. ಬೆಲ್ಲ ಹಾಕಿದ್ದರಿಂದ ಕಬ್ಬಿಣ ಸಿಕ್ಕಿತು ಎಂದುಕೊಳ್ಳಬಾರದು, ಲೋಟವೊಂದರಲ್ಲಿರುವ ಬೆಲ್ಲದಿಂದ ಸಿಗುವುದು ತೀರಾ ಅಲ್ಪ. ಮಾಂಸದ ಕಬ್ಬಿಣ ಸುಲಭವಾಗಿ ಹೀರಲ್ಪಡುತ್ತದೆ. ಮಾಂಸ ತಿನ್ನದವರು ಸೊಪ್ಪು ಕಾಳುಗಳಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಅದರ ವಿಟಮಿನ್ ಸಿ ನೆರವಾಗುತ್ತದೆ. ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವುದು ಒಳ್ಳೆಯದಲ್ಲ.

ಕೂದಲಿಗೆಂದು ಮಾರುವ ಬಯೋಟಿನ್ ಮಾತ್ರೆಯ ಬಗ್ಗೆಯೂ ಒಂದು ಎಚ್ಚರಿಕೆ. ಬಯೋಟಿನ್ ಕೊರತೆ ಅಪರೂಪ, ಕೊರತೆಯಿಲ್ಲದವರಿಗೆ ಅದರಿಂದ ಕೂದಲು ಬೆಳೆಯುತ್ತದೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಮತ್ತು ಹೃದಯಾಘಾತ ಗುರುತಿಸುವ ಟ್ರೋಪೋನಿನ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಈ ಬಗ್ಗೆ ಎಚ್ಚರಿಸಿತ್ತು. ರಕ್ತ ಕೊಡುವ ಮುನ್ನ ಅದನ್ನು ತೆಗೆದುಕೊಳ್ಳುತ್ತಿರುವ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ಮಳೆಗಾಲದಲ್ಲಿ ತಲೆಯ ಆರೈಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಉದ್ದ ಕೂದಲು ಒಣಗುವುದು ಕಷ್ಟವೇ. ಮಳೆಯಲ್ಲಿ ನೆನೆದರೆ ಕೂದಲು ಉದುರುವುದಿಲ್ಲ. ಆದರೆ ಒದ್ದೆ ಕೂದಲು ಹಿಗ್ಗಿ ದುರ್ಬಲವಾಗಿರುವುದರಿಂದ ಆಗ ಬಾಚಿದರೆ ನಡುವೆ ತುಂಡಾಗುತ್ತದೆ. ಒದ್ದೆಯಾಗಿಯೇ ಗಂಟು ಕಟ್ಟಿ, ಅದರ ಮೇಲೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ದಿನವಿಡೀ ತೋಟದಲ್ಲಿ ದುಡಿದರೆ ನೆತ್ತಿಯಲ್ಲಿ ಹೊಟ್ಟು, ಗುಳ್ಳೆ, ತುರಿಕೆ ಹೆಚ್ಚುತ್ತವೆ. ಆದ್ದರಿಂದ ಮಳೆಗಾಲದಲ್ಲಿ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ತಲೆಗೆ ನೀರು ಹಾಕುವುದಕ್ಕಿಂತ ಒಣಗಲು ಹೊತ್ತಿರುವ ಮಧ್ಯಾಹ್ನದಲ್ಲಿ ಹಾಕಿಕೊಳ್ಳಿ, ಹತ್ತಿಯ ಬಟ್ಟೆಯಿಂದ ಉಜ್ಜದೆ ಒತ್ತಿ ನೀರು ತೆಗೆಯಿರಿ, ಬೆರಳಿನಿಂದ ಸಿಕ್ಕು ಬಿಡಿಸಿ, ಮುಕ್ಕಾಲು ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಬಾಚಿರಿ. ತಲೆಗೆ ಕಟ್ಟುವ ಬಟ್ಟೆ ಎರಡು ಜೊತೆ ಇದ್ದು, ಮಧ್ಯಾಹ್ನ ಬದಲಿಸಿದರೆ ಬಹಳ ಅನುಕೂಲ. ಬಚ್ಚಲೊಲೆಯ ಮುಂದೆ ಕೂತು ಒಣಗಿಸುವುದು ಹಿತವೇ, ಆದರೆ ಕೂದಲಿಗೆ ನೇರ ಝಳ ತಾಗದಷ್ಟು ದೂರವಿರಲಿ.

ತೆಂಗಿನೆಣ್ಣೆಯ ಬಗ್ಗೆ ಅಜ್ಜಿಯರು ಹೇಳುತ್ತಿದ್ದುದರಲ್ಲಿ ಸತ್ಯವಿದೆ. ಅದರ ಲಾರಿಕ್ ಆಮ್ಲವು ಕೂದಲ ಎಳೆಯೊಳಗೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆ. ತಲೆ ತೊಳೆಯುವ ಮುಂಚೆ ಒಂದೆರಡು ಗಂಟೆ ಕೂದಲಿನ ಉದ್ದಕ್ಕೂ ಹಚ್ಚುವುದು ಅತ್ಯುತ್ತಮ. ಆದರೆ ಅದು ಎಳೆಯನ್ನು ಕಾಪಾಡುತ್ತದೆಯೇ ಹೊರತು ಬುಡದಿಂದ ಹೊಸ ಕೂದಲನ್ನು ಹುಟ್ಟಿಸುವುದಿಲ್ಲ. ಹೊಟ್ಟು ಇರುವವರಂತೂ ನೆತ್ತಿಗೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಬಾರದು: ಹೊಟ್ಟಿನ ಹಿಂದಿರುವ ಮಲಸೇಜಿಯಾ ಎಂಬ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಶೇ 2ರ ಕೀಟೊಕೊನಝೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲ, ನೆತ್ತಿಗೆ ಹಚ್ಚಿ 3ರಿಂದ 5 ನಿಮಿಷ ಬಿಟ್ಟು ತೊಳೆದರೆ ನಾಲ್ಕು ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಹಚ್ಚಿದ ತಕ್ಷಣ ತೊಳೆದುಬಿಡುವುದರಿಂದಲೇ ಅನೇಕರಿಗೆ ಅದು ಫಲ ಕೊಡುವುದಿಲ್ಲ. ಹಿತ್ತಲ ದಾಸವಾಳದ ಎಲೆ ಕಿವುಚಿದ ಲೋಳೆ, ಸೀಗೆಕಾಯಿ, ಅಂಟುವಾಳ ಇವು ಜಿಡ್ಡು ತೆಗೆದು ಕೂದಲನ್ನು ಮೃದುಗೊಳಿಸುತ್ತವೆ. ಆಗಿಬರುವವರು ಬಳಸುವುದನ್ನು ಬಿಡಬೇಕಾಗಿಲ್ಲ.

ಕಾಫಿಯನ್ನೇ ತಲೆಗೆ ಹಚ್ಚಬಹುದೇ ಎಂದು ನಮ್ಮಲ್ಲಿ ಕೇಳದವರಿಲ್ಲ. ಪ್ರಯೋಗಾಲಯದಲ್ಲಿ ಕೂದಲ ಕೋಶಗಳ ಮೇಲೆ ಕೆಫೀನ್ ಬೆಳವಣಿಗೆಗೆ ಪ್ರಚೋದನೆ ನೀಡಿದ್ದುಂಟು, ಮನುಷ್ಯರ ಮೇಲಿನ ಪುರಾವೆ ಇನ್ನೂ ಬಲವಾಗಿಲ್ಲ. ಮನೆಯ ಡಿಕಾಕ್ಷನ್ ಹಾನಿ ಮಾಡದು, ಬಿಳಿಕೂದಲಿಗೆ ಸ್ವಲ್ಪ ದಿನ ಕಂದು ಛಾಯೆ ಬಂದೀತು. ಬೋಳಿಸಿದರೆ ಕೂದಲು ದಪ್ಪವಾಗಿ ಬರುತ್ತದೆ ಎಂಬುದು ತಪ್ಪು; ಮೊಂಡಾಗಿ ಕತ್ತರಿಸಿದ ತುದಿ ಒರಟಾಗಿ ತಾಗುವುದರಿಂದ ಹಾಗೆ ಅನ್ನಿಸುತ್ತದೆ. ಹೆಲ್ಮೆಟ್‌ನಿಂದ ಬೋಳಾಗುವುದಿಲ್ಲ. ಈರುಳ್ಳಿ ರಸದ ಪ್ರಯೋಗ ನಡೆದದ್ದು ನಾಣ್ಯದಷ್ಟು ದುಂಡಗೆ ಕೂದಲು ಹೋಗುವ ರೋಗಕ್ಕೆ, ಅದೂ ಕೆಲವೇ ಜನರ ಮೇಲೆ. ಉರಿ ಎದ್ದರೆ ನಿಲ್ಲಿಸಬೇಕು.

ಔಷಧಿ ಬೇಕಾದಾಗ

ವಂಶವಾಹಿಯಿಂದ ಬರುವ ಉದುರುವಿಕೆಗೆ ಪುರಾವೆಯಿರುವ ಔಷಧಿಗಳು ಕೆಲವೇ. ರಕ್ತದೊತ್ತಡಕ್ಕೆಂದು ಬಂದಿದ್ದ ಮಿನಾಕ್ಸಿಡಿಲ್, ಅದನ್ನು ಸೇವಿಸಿದವರ ಮೈಮೇಲೆಲ್ಲ ಕೂದಲು ಬೆಳೆದದ್ದರಿಂದ ನೆತ್ತಿಗೆ ಹಚ್ಚುವ ದ್ರಾವಣವಾಗಿ 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದನ್ನು ಒಣಗಿದ ನೆತ್ತಿಗೆ ಹಚ್ಚಬೇಕು, ನಾಲ್ಕು ಗಂಟೆಯಾದರೂ ನೀರು ತಾಗಬಾರದು. ಮಳೆಗಾಲದಲ್ಲಿ ತೋಟದಿಂದ ಮರಳಿ, ತಲೆ ಒರೆಸಿಕೊಂಡ ಮೇಲೆಯೇ ಹಚ್ಚುವುದು ಉಚಿತ. ಮೊದಲ ಕೆಲವು ವಾರ ಕೂದಲು ಇನ್ನೂ ಹೆಚ್ಚು ಉದುರಬಹುದು. ಹಳೆಯ ಕೂದಲು ಹೊಸದಕ್ಕೆ ಜಾಗ ಬಿಡುತ್ತಿರುತ್ತದೆ, ಆಗ ಹೆದರಿ ನಿಲ್ಲಿಸಬಾರದು. ಫಲ ತಿಳಿಯಲು ನಾಲ್ಕರಿಂದ ಆರು ತಿಂಗಳು ಬೇಕು, ಬಿಟ್ಟರೆ ಉಳಿಸಿಕೊಂಡದ್ದೂ ಹೋಗುತ್ತದೆ. ಬಸುರಿಯರು, ಹಾಲೂಡಿಸುವವರು ಬಳಸಬಾರದು. ಮನೆಯಲ್ಲಿ ಬೆಕ್ಕಿದ್ದರೆ ಔಷಧಿ ಹಚ್ಚಿದ ತಲೆಯನ್ನೂ ದಿಂಬನ್ನೂ ಅದು ನೆಕ್ಕದಂತೆ ನೋಡಿಕೊಳ್ಳಿ, ಸ್ವಲ್ಪ ಪ್ರಮಾಣವೂ ಅದರ ಪ್ರಾಣಕ್ಕೆ ಅಪಾಯ. ಗಂಡಸರಿಗೆ ಕೊಡುವ 1 ಮಿಲಿಗ್ರಾಂ ಫಿನಾಸ್ಟರೈಡ್ ಮಾತ್ರೆ ಡಿಎಚ್‌ಟಿಯನ್ನು ತಗ್ಗಿಸುತ್ತದೆ. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುವುದು, ಮನಸ್ಸು ಖಿನ್ನವಾಗುವುದು ಮುಂತಾದ ಅಡ್ಡಪರಿಣಾಮಗಳಿರುವುದರಿಂದ ವೈದ್ಯರ ಸಲಹೆಯಿಲ್ಲದೆ ಆರಂಭಿಸಬಾರದು, ಪುಡಿಯಾದ ಮಾತ್ರೆಯನ್ನು ಬಸುರಿಯರು ಮುಟ್ಟಲೂಬಾರದು.

ಮಡಿಕೇರಿಯ ಜಿಲ್ಲಾಸ್ಪತ್ರೆಗೋ ಮೈಸೂರಿಗೋ ಚರ್ಮವೈದ್ಯರ ಬಳಿ ಹೋಗುವಾಗ ಮೇಲೆ ಹೇಳಿದ ಹಾಳೆಯನ್ನು, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನು, ಹಳೆಯ ರಕ್ತ ಪರೀಕ್ಷೆಗಳನ್ನು ಒಯ್ಯಿರಿ. ಅಂದು ತಲೆಗೆ ಎಣ್ಣೆ ಬೇಡ. ಹಿಂದಿನ ದಿನವೂ ಅಂದೂ ತಲೆ ತೊಳೆಯಬೇಡಿ, ಏಕೆಂದರೆ ವೈದ್ಯರು 50-60 ಕೂದಲನ್ನು ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದು ಎಷ್ಟು ಬರುತ್ತವೆ ಎಂದು ಎಣಿಸುವ ಪರೀಕ್ಷೆಗೆ ಆಗತಾನೇ ತೊಳೆದ ತಲೆ ಸರಿಯಾದ ಉತ್ತರ ಕೊಡದು. ಫೋಟೋಗಳನ್ನೂ ಒಯ್ಯಿರಿ: ತಿಂಗಳಿಗೊಮ್ಮೆ, ಅದೇ ಕಿಟಕಿಯ ಬಳಿ, ಅದೇ ಹೊತ್ತಿನಲ್ಲಿ, ನಡುಬೈತಲೆ ತೆಗೆದು, ನೆತ್ತಿಯ ಮೇಲಿನಿಂದ ಒಂದು ಮತ್ತು ಹಣೆಯ ಕಡೆಯಿಂದ ಒಂದು.