ಗೋಡೆ ತಟ್ಟುವ ಪಾಠ

ಸೇನೆಯಲ್ಲಿದ್ದಾಗ ಕೆಲವು ವರ್ಷ ಹುಡುಗರಿಗೆ ಒಂದು ಕಷ್ಟದ ಪಾಠ ಹೇಳಿಕೊಟ್ಟೆ. ಶತ್ರುವಿನ ಕೈಗೆ ಸಿಕ್ಕಿಬಿದ್ದರೆ ಜೀವ ಉಳಿಸಿಕೊಳ್ಳುವುದು ಹೇಗೆ ಅಂತ. ಶುರುವಿನಲ್ಲಿ ಹಸಿವು ತಡೆಯುವುದು, ನಿದ್ದೆಗೆಡುವುದು, ಬಾಯಿ ಬಿಡದಿರುವುದು, ಇಷ್ಟನ್ನೇ ಕಲಿಸುತ್ತಿದ್ದೆ. ಗಟ್ಟಿ ಆಳು ಬದುಕುತ್ತಾನೆ ಅಂತ ನಂಬಿದ್ದೆ. ಹಳೆಯ ಸೆರೆಯಾಳುಗಳ ಕಥೆ ಓದುತ್ತಾ ಹೋದ ಹಾಗೆ ಆ ನಂಬಿಕೆ ಕಳಚಿಬಿತ್ತು.

ಕೊರಿಯಾ ಯುದ್ಧದ ಶಿಬಿರಗಳಲ್ಲಿ ಕೆಲವು ಎಳೆಯ ಸೈನಿಕರು ಊಟ ಬಿಟ್ಟು, ಕಂಬಳಿ ಎಳೆದುಕೊಂಡು ಮಲಗಿಬಿಡುತ್ತಿದ್ದರು. ಕೆಲವೇ ದಿನದಲ್ಲಿ ಪ್ರಾಣ ಹೋಗುತ್ತಿತ್ತು. ಪಕ್ಕದವನು ಬೈದು, ರೇಗಿಸಿ, ರಟ್ಟೆ ಹಿಡಿದು ಎಬ್ಬಿಸಿದರೆ ಕೆಲವರು ಉಳಿಯುತ್ತಿದ್ದರು.

1942-43ರಲ್ಲಿ ಜಪಾನೀಯರು 415 ಕಿಲೋಮೀಟರ್ ಉದ್ದದ ಬರ್ಮಾ ರೈಲು ದಾರಿ ಹಾಕಿಸಿದಾಗ 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಅಲ್ಲಿ ಕಾಲರಾ ಹಬ್ಬಿದಾಗ ತಟ್ಟೆಯನ್ನು ಕುದಿನೀರಲ್ಲಿ ಅದ್ದಿಯೇ ಊಟ ಹಾಕಿಸಿಕೊಳ್ಳಬೇಕಿತ್ತು. ಸೆರೆಯಲ್ಲಿದ್ದ ಅಧಿಕಾರಿಗಳು ತಮಗೆ ಸಿಗುತ್ತಿದ್ದ ಸಂಬಳದಲ್ಲಿ ದುಡ್ಡು ಕೂಡಿಸಿ ರೋಗಿಗಳಿಗೆ ಬಾತುಕೋಳಿ ಮೊಟ್ಟೆ ತರಿಸುತ್ತಿದ್ದರು.

ಆದರೆ ಒಬ್ಬನನ್ನೇ ಕೋಣೆಯಲ್ಲಿ ಕೂಡಿಹಾಕಿದರೆ? ವಿಯೆಟ್ನಾಂ ಯುದ್ಧದಲ್ಲಿ ಸೆರೆಸಿಕ್ಕು ಹನೋಯ್‌ನ ಹೋವಾ ಲೋ ಜೈಲಿನಲ್ಲಿದ್ದ ಅಮೆರಿಕದ ಪೈಲಟ್‌ಗಳು 1965ರಿಂದ ಗೋಡೆ ತಟ್ಟಿ ಮಾತಾಡಿದರು. ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದರು: ಐದು ಸಾಲು, ಸಾಲಿಗೆ ಐದು ಅಕ್ಷರ. ಮೊದಲು ಎಷ್ಟು ಸಲ ತಟ್ಟಿದರೋ ಅದು ಎಷ್ಟನೇ ಸಾಲು ಅಂತ, ಆಮೇಲೆ ತಟ್ಟಿದ್ದು ಆ ಸಾಲಿನ ಎಷ್ಟನೇ ಅಕ್ಷರ ಅಂತ. ಚಿತ್ರಹಿಂಸೆ ತಾಳಲಾರದೆ ಬಾಯಿಬಿಟ್ಟವನು ತಾನು ಕೆಟ್ಟೆ ಅಂದುಕೊಂಡು ಕೋಣೆಗೆ ಬರುತ್ತಿದ್ದ. ನಮಗೂ ಹಾಗೇ ಆಯಿತು ಅಂತ ಗೋಡೆಯಾಚೆಯವನು ತಟ್ಟುತ್ತಿದ್ದ. ಅವನನ್ನು ಉಳಿಸಿದ್ದು ಅನ್ನಕ್ಕಿಂತ ಜಾಸ್ತಿ ಆ ಮಾತು ಅಂತ ನನಗೆ ಈಗಲೂ ಅನಿಸುತ್ತದೆ.

ಇದನ್ನು ಕಲಿಸಲು ಹೊರಟಾಗ ಒಂದು ವಿಷಯ ಹೊಳೆಯಿತು. ನಮ್ಮ ಕ ಖ ಗ ಘ ಙ ಇದೆಯಲ್ವಾ, ಕ ವರ್ಗದಿಂದ ಪ ವರ್ಗದವರೆಗೆ ಸರಿಯಾಗಿ ಐದು ಸಾಲು, ಐದೈದು ಅಕ್ಷರ! ಬಾಲ್ಯದಲ್ಲೇ ಬಾಯಿಪಾಠ ಆಗಿರುವ ಪಟ್ಟಿ. ಯ ರ ಲ ವ ಆರನೇ ಸಾಲು. ಗುಣಿತ, ಒತ್ತು, ಸೊನ್ನೆ ಬಿಟ್ಟುಬಿಡಿ ಅಂದೆ.

ಕನ್ನಡದ ಹುಡುಗರನ್ನು ಒಬ್ಬೊಬ್ಬರಾಗಿ ಕತ್ತಲೆ ಕೋಣೆಗಳಲ್ಲಿ ಕೂರಿಸಿದೆ. ಪಕ್ಕದಲ್ಲಿ ಯಾರಿದ್ದಾರೆ ಅಂತ ಹೇಳಲಿಲ್ಲ. ನಾನು ಹೊರಗೆ ಕೂತು ಕಿವಿಗೊಟ್ಟೆ. ಮೊದಲ ಎರಡು ಗಂಟೆ ಬರೀ ತಪ್ಪು ತಟ್ಟು, ಮತ್ತೆ ಮೌನ. ನಡುರಾತ್ರಿ ದಾಟಿದ ಮೇಲೆ ಕೊನೆಯ ಕೋಣೆಯಿಂದ ನಿಧಾನವಾಗಿ ಬಂತು. ನಾಲ್ಕು, ಐದು. ನಾಲ್ಕು, ಮೂರು. ಐದು, ಮೂರು. ನಾಲ್ಕು, ಒಂದು. ನ, ದ, ಬ, ತ.

ನಿದ್ದೆ ಬಂತಾ?

ಆಚೆಯಿಂದ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸುಮ್ನೆ ಎರಡು ಸಲ ಟಕ್ ಟಕ್ ಅಂತು. ಅಕ್ಷರವೇ ಅಲ್ಲ, ಇದ್ದೀನಿ ಅನ್ನುವ ಸದ್ದು. ಅಲ್ಲಿಂದ ಬೆಳಗಿನವರೆಗೆ ಆ ಗೋಡೆ ನಿಲ್ಲಲಿಲ್ಲ.

ಬಾಗಿಲು ತೆಗೆದಾಗ ಆ ಹುಡುಗ ನೀರು ಕೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನೇರವಾಗಿ ಪಕ್ಕದ ಕೋಣೆಯ ಬಾಗಿಲ ಮುಂದೆ ಹೋಗಿ ನಿಂತ.